ಕಣ್ಣಿನ ಗಾಡಿಗೆ ಆರಿಸಿದ ಕಟೌಟು

ನಮ್ಮ ಮನೆಯವರಿಗೆ ನಾಚಿಕೆ ಬಹಳ. ಇದನ್ನು ಹೊಗಳಿಕೆ ಎಂದು ತಿಳಿಯಬೇಡಿ. ಬಂದವರಿಗೆ ಮಜ್ಜಿಗೆ ಕೊಡುವುದು ತಡವಾದರೆ ನಾಚಿಕೆ, ಕೊಟ್ಟ ಮಜ್ಜಿಗೆಗೆ ಉಪ್ಪು ಕಡಿಮೆಯಾದರೆ ನಾಚಿಕೆ, ಬೀಗರು ಹೊರಟು ನಿಂತಾಗ ಮತ್ತೆ ಮತ್ತೆ ಕೂಡಿಸದಿದ್ದರೆ ನಾಚಿಕೆ. ಪೋತ್ನಾಳದಲ್ಲಿ ನಮ್ಮಪ್ಪನದು ಅಕ್ಕಿ ಗಿರಣಿ, ಗಿರಣಿಯ ಅಂಗಳಕ್ಕೆ ಅಂಟಿಕೊಂಡೇ ನಮ್ಮ ಮನೆ. ಈ ನಾಚಿಕೆಯ ಯಜಮಾನಿಕೆಯೆಲ್ಲ ಆಯಿಯದು, ಅಂದರೆ ಅಪ್ಪನ ತಾಯಿಯದು. ಅವಳ ಕಾಯಿದೆಗಳಲ್ಲಿ ದೊಡ್ಡದೊಂದಿತ್ತು. ಮನೆಗೆ ಬಂದವರು ‘ಬ್ಯಾಡ’ ಅಂದರೆ ಅದನ್ನು ಕಿವಿಗೆ ಹಾಕಿಕೊಳ್ಳಬಾರದು. ಬ್ಯಾಡ ಅನ್ನುವುದು ಬಂದವರ ಮರ್ಯಾದೆ, ಕೇಳದೆ ಬಡಿಸುವುದು ನಮ್ಮ ಮರ್ಯಾದೆ. ಎಷ್ಟು ಜನ ಹೊಟ್ಟೆ ಕೆಟ್ಟು ನಮ್ಮ ಮನೆಯಿಂದ ಹೋಗಿದ್ದಾರೋ ಆ ಶಿವನಿಗೇ ಗೊತ್ತು.

ಎಂಬತ್ತರ ದಶಕದ ನಡುವಿನ ಮಾತು ಇದು. ನಾನು ರಾಯಚೂರಿನಲ್ಲಿ ಪಿಯುಸಿ ಸೈನ್ಸ್ ಮುಗಿಸಿಕೊಂಡು ಬಂದಿದ್ದೆ. ಮುಂದೆ ಓದಿಸುವುದೋ ಮದುವೆ ಮಾಡುವುದೋ ಎಂದು ಹಿರಿಯರು ತೀರ್ಮಾನಿಸುವ ತನಕ ಮನೆಯಲ್ಲಿ ಕುಳಿತಿದ್ದೆ. ಆಗ ದೇವದುರ್ಗದ ಒಂದು ಧರ್ಮದ ದವಾಖಾನೆಯಿಂದ ಬಿಳಿ ವ್ಯಾನೊಂದು ಊರೂರು ತಿರುಗಿ ಜನರ ಕಣ್ಣು ನೋಡುತ್ತಿತ್ತು. ಎಲ್ಲರೂ ಅದನ್ನು ಕಣ್ಣಿನ ಗಾಡಿ ಅನ್ನುತ್ತಿದ್ದರು. ಕಿಟಕಿಗಳಿಗೆ ಕರಿ ಪರದೆ, ಒಳಗೆ ಒಂದು ಕುರ್ಚಿ, ಗದ್ದ ಊರಿ ಕೂರುವ ಒಂದು ಯಂತ್ರ, ಆ ಯಂತ್ರಕ್ಕೊಂದು ದೀಪ. ಹಗಲು ಹೊತ್ತು ಹಳ್ಳಿಗಳಲ್ಲಿ ಕರೆಂಟು ಇರುವುದೇ ಅಪರೂಪವಾಗಿದ್ದ ಕಾಲ. ನಮ್ಮ ಗಿರಣಿಯೇ ಡೀಸೆಲ್ ಎಂಜಿನ್ನಿನ ಮೇಲೆ ಓಡುತ್ತಿತ್ತು. ಹಾಗಾಗಿ ವ್ಯಾನಿನ ನೆತ್ತಿಯ ಮೇಲೆ ಕಪ್ಪು ಗಾಜಿನ ಸೋಲಾರ್ ಪ್ಲೇಟು ಮಲಗಿಸಿದ್ದರು. ಅದು ಬಿಸಿಲು ಕುಡಿದು ಸೀಟಿನ ಕೆಳಗಿದ್ದ ಬ್ಯಾಟರಿ ತುಂಬಬೇಕು, ಬ್ಯಾಟರಿಯಿಂದ ದೀಪ ಉರಿಯಬೇಕು. ಇದೆಲ್ಲ ನಮಗೆ ಆಮೇಲೆ ತಿಳಿದದ್ದು. ನೆಲದ ಮೇಲೆ ನಿಂತವರಿಗೆ ಆ ಪ್ಲೇಟು ಕಾಣುತ್ತಲೂ ಇರಲಿಲ್ಲ.

ಬೇಸಿಗೆ ಭತ್ತ ಗಿರಣಿಗೆ ಬಂದು ಬೀಳುತ್ತಿದ್ದ ದಿನಗಳಲ್ಲಿ ಅಪ್ಪ ಆ ಗಾಡಿಯನ್ನು ನಮ್ಮ ಅಂಗಳಕ್ಕೆ ಕರೆಸಿದರು. ಊರಿನಲ್ಲಿ ಅಷ್ಟು ದೊಡ್ಡ ಅಂಗಳ ನಮ್ಮದೊಂದೇ ಆಗಿತ್ತು, ಅಪ್ಪನಿಗೆ ಅದೊಂದು ಹೆಮ್ಮೆ. ಡಾಕ್ಟರ್ ಬಾಯಿಯವರು ಇಳಿದರು. ತೆಳ್ಳಗಿನ, ಸಿಡುಕು ಮುಖದ, ಕೆಲಸ ಬಿಟ್ಟರೆ ಬೇರೆ ಮಾತಿಲ್ಲದ ಹೆಂಗಸು. ರಾಯಚೂರಿನ ಡ್ರೈವರ್ ಸಾಹೇಬರು ಗಾಡಿಯನ್ನು ನಟ್ಟನಡು ಅಂಗಳದಲ್ಲಿ, ನೆರಳೆಂಬುದು ಹನಿಯೂ ಬೀಳದ ಕಡೆ ನಿಲ್ಲಿಸಿದರು. ಆಯಿಗೆ ಅದನ್ನು ನೋಡಿ ಮೈಯೆಲ್ಲ ಉರಿಯಿತು.

“ಏನಪಾ, ಬಾಯಾರು ಒಳಗ ಕುಂತು ಕೆಲಸ ಮಾಡ್ತಾರ, ಗಾಡಿ ಬಿಸಲಾಗ ನಿಂದ್ರಿಸೀಯಲ್ಲ. ಬೇವಿನ ಗಿಡದ ಬುಡಕ ತರಬಾರದೇನು?”

“ಬ್ಯಾಡ್ರಿ ಅಮ್ಮಾ, ಇಲ್ಲೇ ಇರ್ಲಿ. ಇದಕ್ಕ ಬಿಸಲು ಬೇಕ್ರಿ,” ಅಂದರು ಸಾಹೇಬರು.

ಆಯಿ ನನ್ನ ಕಡೆ ತಿರುಗಿ, “ಎಷ್ಟು ಒಳ್ಳೆ ಮನಿಷಾ ನೋಡು. ನಮಗ ತ್ರಾಸ ಆಗಬಾರದಂತ ಬಿಸಲು ಬೇಕು ಅನ್ನಾಕತ್ತಾನ,” ಅಂದಳು. ಸಾಹೇಬರನ್ನು ಪಡಸಾಲೆಗೆ ಕರೆದು ರೊಟ್ಟಿಯ ಮುಂದೆ ಕೂಡಿಸಿದಳು. ಅವರು ಬ್ಯಾಡ ಅನ್ನುತ್ತಲೇ ಇದ್ದರು, ಅವಳು ಬಡಿಸುತ್ತಲೇ ಇದ್ದಳು. ಆ ಹೊತ್ತಿನಲ್ಲಿ ಗಿರಣಿಯ ಆಳುಗಳಿಂದ ಏಣಿ ಹಾಕಿಸಿ, ವ್ಯಾನಿನ ನೆತ್ತಿಗೆ ತೋಯಿಸಿದ ಗೋಣಿಚೀಲ ಹಾಸಿಸಿ, ಅದರ ಮೇಲೆ ಜೋಳದ ಒಣ ದಂಟಿನ, ಅಂದರೆ ಕಣಕಿಯ, ಸೂಡುಗಳನ್ನು ಹೊದಿಸಿದ್ದಾಯಿತು. ಮೇಲೆ ಹತ್ತಿದವರು ಗಾಜು ಕಂಡಿದ್ದರು. ಒಡೆದೀತೆಂದು ಗೋಣಿಯನ್ನು ಎರಡು ಪದರ ಮಾಡಿ ಹಾಸಿದೆವೆಂದು ಆಮೇಲೆ ಅವರೇ ಹೇಳಿದರು. ನಾನು ಕೆಳಗೆ ನಿಂತು ಸೂಡು ಎತ್ತಿ ಕೊಡುತ್ತಿದ್ದೆ. ಒಳಗಿನಿಂದ ಬಾಯಿಯವರು, ಇವತ್ತು ಗಾಡಿ ತಂಪಾಗಿದೆ ಅಂದದ್ದು ಕೇಳಿ ಆಯಿಯ ಮುಖ ಅರಳಿತು.

ಕಣ್ಣು ತೋರಿಸುವ ಸಾಲಿನಲ್ಲಿ ಮೊದಲು ಆಯಿ, ಆಮೇಲೆ ಅಪ್ಪ, ಆಮೇಲೆ ಬಾಗಲವಾಡದಿಂದ ಅಂದೇ ಬಂದಿಳಿದ ನಮ್ಮ ನೆಂಟರು, ಆಮೇಲೆ ಅಂಗಡಿ ಸಾಲಿನ ಸಾವಕಾರರು. ಇವರಲ್ಲಿ ಹೆಚ್ಚಿನವರ ಕಣ್ಣಿಗೆ ಏನೂ ಆಗಿರಲಿಲ್ಲ. ಡಾಕ್ಟರು ಮನೆ ಬಾಗಿಲಿಗೆ ಬಂದಿರುವಾಗ ತೋರಿಸದೆ ಇರುವುದು ಹೇಗೆ ಎಂದು ತೋರಿಸಿಕೊಂಡರು. ನಿಜವಾಗಿ ಕಣ್ಣು ಕೆಟ್ಟಿದ್ದವಳು ನಮ್ಮ ಗಿರಣಿಯಲ್ಲಿ ಹೊಟ್ಟು ತುಂಬುತ್ತಿದ್ದ ಹುಡುಗಿ. ನನ್ನದೇ ವಯಸ್ಸು. ಭತ್ತದ ಹೊಟ್ಟು ಸಿಡಿದು ಅವಳ ಬಲಗಣ್ಣಿನ ಕರಿಗುಡ್ಡೆಗೆ ನೆಟ್ಟಿತ್ತು. ಸೆರಗಿನ ಗಂಟಿಗೆ ಉಸಿರು ಊದಿ ಊದಿ ಒತ್ತಿಕೊಳ್ಳುತ್ತ ಬೆಳಗಿನಿಂದ ಬುಟ್ಟಿ ಹೊರುತ್ತಿದ್ದಳು. ಕೆಲಸ ಮುಗಿಸಿ ಕಡೆಗೆ ಬಾ ಎಂದು ಅಪ್ಪನೇ ಹೇಳಿದ್ದರು, ಅವಳು ಹಾಗೇ ಕಡೆಗೆ ಬಂದಳು.

ಬಾಯಿಯವರು ಅವಳನ್ನು ಕುರ್ಚಿಯ ಮೇಲೆ ಕೂಡಿಸಿ, ಕಣ್ಣಿಗೆ ಮದ್ದು ಹನಿಸಿ, ಸೂಜಿ ಕೈಗೆ ತೆಗೆದುಕೊಂಡರು. ನಾನು ಅವಳ ತಲೆ ಅಲುಗದಂತೆ ಹಿಡಿದಿದ್ದೆ. ದೀಪ ಹಳದಿಯಾಯಿತು, ಕೆಂಪಾಯಿತು, ಹೋಯಿತು. ಬಾಯಿಯವರು ಸೂಜಿಯನ್ನು ಮೆಲ್ಲಗೆ ಹಿಂದೆ ತೆಗೆದುಕೊಂಡದ್ದು ಮಾತ್ರ ಆ ಕತ್ತಲಲ್ಲಿ ನನಗೆ ಗೊತ್ತಾಯಿತು.

ಡ್ರೈವರ್ ಸಾಹೇಬರು ಓಡಿ ಬಂದರು. ಎಂಜಿನ್ ಚಾಲೂ ಮಾಡಿದರೆ ಗಾಡಿ ಅದುರುತ್ತದೆ, ಆ ಅದುರಿನಲ್ಲಿ ಕಣ್ಣಿಗೆ ಸೂಜಿ ಇಡುವಂತಿಲ್ಲ. ಸಾಲದ್ದಕ್ಕೆ ಎಂಜಿನ್ನಿನ ಬ್ಯಾಟರಿಯೇ ಬೇರೆಯಂತೆ. ನಮ್ಮ ಮನೆಯ ಟಾರ್ಚು ತಂದೆ. ಅದರ ಬೆಳಕು ಅವಳ ಕೆನ್ನೆಗೂ ಸಾಲಲಿಲ್ಲ. ಹೊರಗೆ ಕರೆತಂದರೆ ಬಿಸಿಲಿಗೆ ಆ ಕಣ್ಣು ತೆರೆಯಲೇ ಇಲ್ಲ. ಬ್ಯಾಟರಿ ಯಾಕೆ ತುಂಬಿಲ್ಲವೆಂದು ನೋಡಲು ಸಾಹೇಬರು ಏಣಿ ಹತ್ತಿದರು. ಆಮೇಲೆ ಒಂದೊಂದೇ ಸೂಡನ್ನು ಅಂಗಳಕ್ಕೆ ಹಾಕತೊಡಗಿದರು.

“ಅಮ್ಮಾ, ನಾ ಹೇಳಿದ್ದೆನಲ್ರಿ, ಬಿಸಲು ಬೇಕಂತ,” ಅಂದರು. ಸಿಟ್ಟಿನಿಂದ ಅಲ್ಲ. ಸಿಟ್ಟಿನಿಂದ ಅಂದಿದ್ದರೆ ನಮಗೆ ಹಗುರಾಗುತ್ತಿತ್ತು.

ಸಾಲಿನಲ್ಲಿ ನಿಂತು ಕಣ್ಣು ತೋರಿಸಿಕೊಂಡಿದ್ದ ಜನವೆಲ್ಲ ನೋಡುತ್ತಿದ್ದರು. ಆಯಿ ಸೆರಗು ಬಾಯಿಗೆ ಹಿಡಿದು ನಿಂತಿದ್ದಳು, ಅಪ್ಪನಿಗೆ ಮುಖ ಎತ್ತಲಾಗಲಿಲ್ಲ. ನೆಲ ಬಾಯಿಬಿಡಬಾರದೇ ಅನ್ನಿಸಿತು ನನಗೆ. ಹೊತ್ತು ಇಳಿಯುತ್ತಿತ್ತು, ಇನ್ನು ಪ್ಲೇಟಿಗೆ ಬಿಸಿಲು ಬಿದ್ದರೂ ಉಪಯೋಗವಿರಲಿಲ್ಲ. ಬಾಯಿಯವರು ಹುಡುಗಿಯ ಕಣ್ಣಿಗೆ ಪಟ್ಟಿ ಕಟ್ಟಿ, “ನಾಳೆ ಮುಂಜಾನೆನ ಇಕೀನ ರಾಯಚೂರು ದೊಡ್ಡ ದವಾಖಾನಿಗಿ ಕಳಿಸ್ರಿ. ಹೊಟ್ಟು ಒಳಗ ಉಳಿಬಾರದು, ಕೀವು ಆಗ್ತದ,” ಅಂದರು. ಅಪ್ಪ ಕೈ ಮುಗಿದು, “ಕಳಿಸೂದೇನ್ರಿ, ನಾನ ಕರ್ಕೊಂಡು ಹೋಗ್ತೀನಿ,” ಅಂದರು. ಆಮೇಲೆ, ಮತ್ತೆ ಹೀಗಾಗದಂತೆ ಗಾಡಿಗೆ ಏನು ಬೇಕು ಎಂದು ಕೇಳಿದರು. ಬ್ಯಾಟರಿಯ ಹೊಟ್ಟೆಯಲ್ಲಿ ಎಷ್ಟಿದೆ ಅಂತ ತೋರಿಸುವ ಮೀಟರು, ಪ್ಲೇಟಿಗೂ ಬ್ಯಾಟರಿಗೂ ನಡುವೆ ಕಾವಲು ಇರುವ ಒಂದು ಡಬ್ಬಿ, ಇವೆರಡೂ ಗಾಡಿಯಲ್ಲಿಲ್ಲ, ಡ್ರೈವರು ಅಂದಾಜಿನ ಮೇಲೆ ವೈರು ಕೂಡಿಸುತ್ತಾನೆ, ಬಿಚ್ಚುತ್ತಾನೆ ಎಂದರು ಬಾಯಿಯವರು. ಅವೆರಡನ್ನೂ ನಾನು ಕೊಡಿಸುತ್ತೇನೆ ಎಂದು ಅಪ್ಪ ಎಲ್ಲರ ಮುಂದೆ ಮಾತು ಕೊಟ್ಟರು. ಆಗಷ್ಟೇ ನಮ್ಮ ಮನೆಯವರಿಗೆ ಸ್ವಲ್ಪ ಉಸಿರು ಬಂತು.

ಮರುದಿನ ಶುಕ್ರವಾರ. ಜೀಪಿನ ಮುಂದೆ ಅಪ್ಪ ಮತ್ತು ನಾನು, ಹಿಂದೆ ಅವಳು. ಅವಳ ಪಟ್ಟಿ ಒದ್ದೆಯಾಗಿತ್ತು. ಕಲ್ಮಲಾ ದಾಟುವ ತನಕ ಅಪ್ಪ ಬರೀ ಅವಮಾನದ ಮಾತಾಡಿದರು. ದೇವರಂಥ ಮನುಷ್ಯರು ಬಂದರೆ ಅವರ ದೀಪ ಆರಿಸಿ ಕಳಿಸಿದೆವಲ್ಲ, ದೇವದುರ್ಗದ ತನಕ ಸುದ್ದಿ ಹೋಗಿರುತ್ತದೆ, ಮಾನ್ವಿಯ ಸಂತೆಯಲ್ಲಿ ಆಡಿಕೊಳ್ಳುತ್ತಾರೆ. ಹಿಂದೆ ಕೂತವಳ ಬಗ್ಗೆ ಅವರೂ ಏನೂ ಅನ್ನಲಿಲ್ಲ, ನಾನೂ ಕೇಳಲಿಲ್ಲ. ರಾಯಚೂರು ಹತ್ತಿರ ಬಂದಾಗ ಅಪ್ಪ, “ಶುಕ್ರವಾರ ಅದ. ನಮಾಜಿನ ಹೊತ್ತಿಗಿ ಬ್ಯಾಟರಿ ಅಂಗಡಿ ಬಂದ್ ಆಗ್ತದ. ಮದಲು ಅಲ್ಲೇ ಹೋಗೋಣು. ದವಾಖಾನಿ ಎಲ್ಲಿ ಓಡಿ ಹೋಗ್ತದ?” ಅಂದರು. ನನಗೂ ಅದು ಸರಿಯಾಗಿಯೇ ಕಂಡಿತು.

ತೀನ್ ಕಂದೀಲ್ ಚೌಕದ ಹತ್ತಿರ ಅಪ್ಪನ ಪರಿಚಯದ ಬ್ಯಾಟರಿ ಅಂಗಡಿಯಿತ್ತು. ಲಾರಿ, ಟ್ರ್ಯಾಕ್ಟರು, ಮೈಕ್ ಸೆಟ್ಟು ಎಲ್ಲದರ ಬ್ಯಾಟರಿಗಳೂ ಅಲ್ಲಿ ಸಾಲಾಗಿ ಕೂತು ಗುಳುಗುಳು ಅನ್ನುತ್ತಿದ್ದವು, ಆಸಿಡ್ಡಿನ ವಾಸನೆಗೆ ಗಂಟಲು ಕೆರೆಯುತ್ತಿತ್ತು. ಅವಳು ಹೊರಗೆ ಮೆಟ್ಟಿಲ ಮೇಲೆ ಕೂತಳು. ಅಂಗಡಿಯ ಸಾಹೇಬರು ಅಪ್ಪನನ್ನು ಅಪ್ಪಿಕೊಂಡು, ಚಹಾ ತರಿಸಿ, ಸೋಲಾರ್ ಅಂದದ್ದೇ ತಡ ಹಿಂದಿನ ಕೋಣೆಯಿಂದ ಧೂಳು ಹಿಡಿದ ಎರಡು ಡಬ್ಬಿ ತಂದರು. ಯಾರೋ ಆಫೀಸರರು ಹೇಳಿದ್ದರೆಂದು ಹೈದರಾಬಾದಿನಿಂದ ತರಿಸಿದ್ದಂತೆ, ಆಫೀಸರರಿಗೆ ವರ್ಗವಾಗಿ ಅವು ಇಲ್ಲೇ ಉಳಿದಿದ್ದವು. ಲಾರಿಯ ಡೈನಮೋಕ್ಕೆ ಹಾಕುವ ಡಬ್ಬಿಗೆ ಕಟೌಟು ಅನ್ನುವುದು ಅವರ ರೂಢಿ. ಇವನ್ನೂ ಸೋಲಾರಿನ ಕಟೌಟು ಎಂದೇ ಕರೆದರು.

ಅಪ್ಪನ ಕಣ್ಣು ನೇರವಾಗಿ ದೊಡ್ಡದರ ಮೇಲೆ ಬಿತ್ತು. ಬೆಳ್ಳಿ ಬಣ್ಣ ಬಳಿದದ್ದು, ಕೆಂಪು ಹಸಿರು ದೀಪ ಇರುವುದು, ಕೊಡುವಾಗ ಕೈ ತುಂಬುವಂಥದ್ದು.

“ಇದು ಭಾಳ ಶಾಣ್ಯಾ ಡಬ್ಬಿ ಬೇಟಿ,” ಅಂದರು ಸಾಹೇಬರು ನನಗೆ. “ಬ್ಯಾಟರಿ ಹೊಟ್ಟಿ ತುಂಬಿತಂದ್ರ ಪ್ಲೇಟಿನ ಕರೆಂಟು ತಾನೇ ಬಂದ್ ಮಾಡ್ತದ. ಬ್ಯಾಟರಿ ಖಾಲಿ ಆಗಾಕತ್ತಿತಂದ್ರ ದೀಪಾನೂ ತಾನೇ ಬಂದ್ ಮಾಡ್ತದ. ಬ್ಯಾಟರಿ ಸಾಯಂಗಿಲ್ಲ.”

ಚಿಕ್ಕ ಡಬ್ಬಿ ಅಷ್ಟು ಶಾಣ್ಯಾ ಅಲ್ಲ. ಬ್ಯಾಟರಿ ತುಂಬಿದಾಗ ಪ್ಲೇಟನ್ನು ತಡೆಯುತ್ತದೆ, ಕತ್ತಲಾದ ಮೇಲೆ ಬ್ಯಾಟರಿಯ ಕರೆಂಟು ಪ್ಲೇಟಿನ ಕಡೆಗೆ ಹಿಂದೆ ಹರಿಯದಂತೆ ನೋಡಿಕೊಳ್ಳುತ್ತದೆ, ದೀಪದ ತಂಟೆಗೆ ಹೋಗುವುದಿಲ್ಲ. ನನಗೆ ಹುಮ್ಮಸ್ಸು ಬಂತು. ಓದಿದ್ದೆಲ್ಲ ಮನೆಯಲ್ಲಿ ಕೊಳೆಯುತ್ತಿದೆ ಅನ್ನಿಸುತ್ತಿದ್ದ ದಿನಗಳು ಅವು. ಚಿಕ್ಕದೇ ಸಾಕು ಎಂದು ಪಟ್ಟು ಹಿಡಿದೆ.

“ದೀಪ ತಾನೇ ಬಂದ್ ಮಾಡೂದು ಬ್ಯಾಡ್ರಿ ಕಾಕಾ. ಬಾಯಾರ ಕೈಯಾಗ ಸೂಜಿ ಇರ್ತದ, ಆಗ ಬಂದ್ ಆದ್ರ?”

“ಮತ್ತ ಬ್ಯಾಟರಿ ಸಾಯ್ತದಲ್ಲ.”

“ಸಾಯ್ಲಿ ಬಿಡ್ರಿ. ಬ್ಯಾಟರಿ ಇನ್ನೊಂದು ಸಿಗ್ತದ, ಕಣ್ಣು ಸಿಗ್ತದೇನ್ರಿ?”

ಸಾಹೇಬರು ವಾಹ್ ಅಂದರು. ಅಪ್ಪ ನನ್ನ ಕಡೆ ನೋಡಿದ ನೋಟದಲ್ಲಿ, ಇವಳನ್ನು ಮುಂದೆ ಓದಿಸಬೇಕು ಅನ್ನುವ ತೀರ್ಮಾನ ಕಂಡಿತು. ನಾನು ಆ ಮಾತಾಡುವಾಗ ಅವಳು ನನ್ನ ಬೆನ್ನ ಹಿಂದೆ ಕೂತಿದ್ದಳು. ಕೇಳಿಸಿತೋ ಇಲ್ಲವೋ ಗೊತ್ತಿಲ್ಲ. ಈಗಲೂ ಒಬ್ಬಳೇ ಇದ್ದಾಗ ಆ ಮಾತು ನೆನಪಾದರೆ ನಾಲಿಗೆ ಕಚ್ಚಿಕೊಳ್ಳುತ್ತೇನೆ, ಕಿವಿಯೆಲ್ಲ ಬಿಸಿಯಾಗುತ್ತದೆ.

ಅಷ್ಟಕ್ಕೇ ನಿಂತಿದ್ದರೂ ಆಗುತ್ತಿತ್ತು. ಆಮೇಲೆ ಮೀಟರಿನ ಸರದಿ. ಸಾಹೇಬರು ತೋರಿಸಿದ್ದು ಸೊನ್ನೆಯಿಂದ ಮೂವತ್ತು ವೋಲ್ಟಿನ ತನಕ ಗೆರೆಗಳಿದ್ದ ಮೀಟರು. ಅದು ನಡೆಯುವುದಿಲ್ಲ ಅಂದೆ. ಹನ್ನೆರಡು ವೋಲ್ಟಿನ ಬ್ಯಾಟರಿ ತುಂಬಿದ್ದಾಗಲೂ ಬರಿದಾದಾಗಲೂ ಅದರ ಮುಳ್ಳು ಇದ್ದಲ್ಲೇ ಇದ್ದಂತೆ ಕಾಣುತ್ತದೆ, ಹತ್ತರಿಂದ ಹದಿನೈದರ ತನಕ ಮಾತ್ರ ಇರುವ ಮೀಟರು ಬೇಕು. ಅವರು ಹುಡುಕಿ ಹುಡುಕಿ ಅಂಥದ್ದೊಂದು ತೆಗೆದರು. ಅದರ ಮೇಲೆ ಕೆಂಪು, ಹಳದಿ, ಹಸಿರು ಬಣ್ಣದ ಪಟ್ಟಿ ಬರೆಸಬೇಕು ಅಂದೆ. ದೀಪ ಹತ್ತಿದಾಗ ಮುಳ್ಳು ಸುಳ್ಳು ಹೇಳುತ್ತದೆ, ಮುಂಜಾನೆ ಎಲ್ಲ ಆರಿದ್ದಾಗ ನೋಡಬೇಕೆಂದು ಡ್ರೈವರಿಗೆ ಹೇಳಿಕೊಡಬೇಕು ಅಂದೆ. ನಮ್ಮ ಬಿಸಿಲಿಗೆ ಬ್ಯಾಟರಿಯ ನೀರು ಬೇಗ ಆರುತ್ತದೆ, ಕಟೌಟು ಪ್ಲೇಟನ್ನು ತಡೆಯುವ ಮಿತಿಯನ್ನು ಒಂಚೂರು ಕೆಳಗೆ ತಿರುಗಿಸಬೇಕು ಅಂದೆ. ಬ್ಯಾಟರಿ ಇಳಿಯುತ್ತ ಬಂದಾಗ ದೀಪ ಆರಿಸುವ ಬದಲು ಕೂಗಿ ಎಚ್ಚರಿಸುವ ಒಂದು ಬಜರ್ ಕೂಡಿಸಿ ಅಂದೆ. ಅಪ್ಪನಿಗೂ ರುಚಿ ಹತ್ತಿತು. ಡಬ್ಬಿ ಎಲ್ಲಿ ಕೂಡಿಸಬೇಕು, ವೈರು ಎಷ್ಟು ದಪ್ಪ ಇರಬೇಕು, ಮೇಲೆ ದಾನಿಗಳ ಹೆಸರು ಬರೆಸುವುದೋ ಬೇಡವೋ ಎಂದು ಮಾತು ಬೆಳೆಯಿತು. ಹೆಸರು ಬೇಡ, ಅದು ನಾಚಿಕೆಗೇಡು ಎಂದು ಅಪ್ಪನೇ ತೀರ್ಮಾನಿಸಿದರು.

ನಮಾಜಿನ ಕೂಗು ಕೇಳಿದಾಗ ಎದ್ದೆವು. ದವಾಖಾನೆಯಲ್ಲಿ ಚೀಟಿ ಕೊಡುವ ಕಿಟಕಿ ಮುಚ್ಚಿತ್ತು, ಕಣ್ಣಿನ ಡಾಕ್ಟರು ಎದ್ದು ಹೋಗಿದ್ದರು. ಕಾಂಪೌಂಡರು ಪಟ್ಟಿ ಬದಲಿಸಿ, ಮುಂಜಾನೆ ಬಂದಿದ್ದರೆ ಆಗುತ್ತಿತ್ತಲ್ಲ ಅಂದ. ಮರುದಿನ ಎರಡನೇ ಶನಿವಾರ, ಅದರ ಮರುದಿನ ಭಾನುವಾರ. ಸೋಮವಾರ ಗಿರಣಿಗೆ ಚೀಕಲಪರ್ವಿಯಿಂದ ಭತ್ತದ ಲಾರಿಗಳು ಬಂದವು, ಜೀಪಿಗೆ ಬಿಡುವಾಗಲಿಲ್ಲ. ಅವಳು ಅದಾದ ಮೇಲೆ ಒಂದು ದಿನ ತನ್ನ ತಾಯಿಯ ಜೊತೆ ಬಸ್ಸಿನಲ್ಲಿ ಹೋಗಿ ಬಂದಳೆಂದು ಕೇಳಿದೆ. ಹೊಟ್ಟು ತೆಗೆದರಂತೆ, ಹುಣ್ಣಾಗಿದೆಯಂತೆ, ಹನಿ ಕೊಟ್ಟಿದ್ದಾರಂತೆ. ಪಾಪ ಅಂದಳು ಆಯಿ. ನಾನೂ ಅಂದೆ.

ಕಣ್ಣಿನ ಗಾಡಿ ಮತ್ತೆ ನಮ್ಮ ಊರಿಗೆ ಬಂದಾಗ ಅಂಗಡಿಯ ಸಾಹೇಬರು ತಾವೇ ರಾಯಚೂರಿನಿಂದ ಬಂದು ಕಟೌಟು ಮೀಟರು ಕೂಡಿಸಿದರು. ಈ ಸಲ ಆಯಿ ವ್ಯಾನಿನ ಹತ್ತಿರಕ್ಕೆ ಒಂದು ಹುಲ್ಲುಕಡ್ಡಿಯನ್ನೂ ಬಿಡಲಿಲ್ಲ, ಕಾಗೆ ಕೂತರೂ ಓಡಿಸಿದಳು. ಮೀಟರಿಗೆ ವಿಭೂತಿ ಹಚ್ಚಲು ಹೋದವಳು ಡ್ರೈವರ್ ಸಾಹೇಬರ ಮುಖ ನೋಡಿ ಕೈ ಹಿಂದೆ ತೆಗೆದುಕೊಂಡಳು. ಕಾಯಿ ಒಡೆದದ್ದು ಕೆಳಗೆ, ಗಾಲಿಯ ಹತ್ತಿರ. ಮುಳ್ಳು ಹಸಿರಿನಲ್ಲಿ ನಿಂತಿತ್ತು. ಜನ ಒಬ್ಬೊಬ್ಬರೇ ಬಾಗಿ ನೋಡಿ, ಸಾವ್ಕಾರ್ರದು ದೊಡ್ಡ ಮನಸ್ಸು ಅಂದು ಹೋದರು. ಯಂತ್ರ ಆರಿಸಿದ್ದು ನನ್ನ ಮಗಳು ಎಂದು ಅಪ್ಪ ಬಂದವರಿಗೆಲ್ಲ ಹೇಳುತ್ತಿದ್ದರು. ಬಾಯಿಯವರು ನನ್ನ ಬೆನ್ನು ತಟ್ಟಿ, ಬಜರ್ ಇಡಿಸಿದ್ದು ಬಹಳ ಒಳ್ಳೆಯದಾಯಿತು ಅಂದರು. ಆಮೇಲೆ, “ಎಲ್ಲಿ ಅದಾಳ ಆ ಹುಡುಗಿ? ಮದಲು ಆಕೀನ ಕರೀರಿ,” ಅಂದರು.

ಅವಳು ಗಿರಣಿಯಿಂದ ಬಂದಳು, ತಲೆಯ ಮೇಲಿನ ಹೊಟ್ಟನ್ನು ಕೊಡವಿಕೊಂಡು ಗಾಡಿ ಹತ್ತಿದಳು. ಅಪ್ಪ ಬಾಗಿಲ ಹತ್ತಿರ ನಿಂತರು, ನಾನು ಒಳಗೆ ಮೀಟರಿನ ಪಕ್ಕ. ದೀಪ ಹಾಲಿನಂತೆ ಬೆಳ್ಳಗೆ ಉರಿಯಿತು. ಬಾಯಿಯವರು ಬಹಳ ಹೊತ್ತು ನೋಡಿದರು. ಅವರು ಹೇಳುವ ಮೊದಲೇ ನನಗೂ ಕಂಡಿತ್ತು. ಬಲಗಣ್ಣಿನ ಕರಿಗುಡ್ಡೆಯ ನಡುವೆ ಬೆಳ್ಳನೆಯ ಹೂ ಬಿದ್ದಿತ್ತು.

“ಮರುದಿನಾನ ಹೋಗಂತ ಹೇಳಿದ್ದೆನಲ್ಲ ನಿನಗ. ಯಾಕ ಹೋಗಲಿಲ್ಲ?”

ಅವಳು ಒಂದು ಸಲ ಬಾಗಿಲ ಕಡೆ ನೋಡಿದಳು. ಅಪ್ಪನ ಹಿಂದೆ ಅಂಗಡಿಯ ಸಾಹೇಬರಿದ್ದರು, ನೆಂಟರಿದ್ದರು, ಅರ್ಧ ಊರಿತ್ತು.

“ಸಾವ್ಕಾರ್ರು ಮರುದಿನಾನ ಜೀಪಿನಾಗ ಕರ್ಕೊಂಡು ಹೋಗಿದ್ರಿ ಬಾಯಾರ,” ಅಂದಳು. “ಅವರದೇನೂ ತಪ್ಪಿಲ್ರಿ. ನಾನ ಸೂಜಿಗಿ ಅಂಜಿ ಒಳಗ ಹೋಗಲಿಲ್ಲ.”

ಬಾಯಿಯವರಿಗೆ ಸಿಟ್ಟು ನೆತ್ತಿಗೇರಿತು. “ಹುಚ್ಚಿ ಅದಿ ಏನು? ಅಷ್ಟು ದೊಡ್ಡ ಮನಿಷಾ ಕೆಲಸ ಬಿಟ್ಟು ನಿನ್ನ ಕರ್ಕೊಂಡು ಹೋದ್ರ, ಅಂಜಿ ಹೊರಗ ಕುಂತ್ಯಾ? ಕೈಯಾರೆ ಕಣ್ಣು ಕಳ್ಕೊಂಡೆಲ್ಲ. ಅವರಿಗೆ ಏನನ್ನಿಸಬ್ಯಾಡ?” ಇನ್ನೂ ಏನೇನೋ ಅಂದರು. ಅವಳು ತಲೆ ತಗ್ಗಿಸಿ ಎಲ್ಲವನ್ನೂ ಕೇಳಿಸಿಕೊಂಡಳು. ಕಡೆಗೆ, “ತಪ್ಪಾತ್ರಿ,” ಅಂದಳು.

ಅಪ್ಪ ಕೆಮ್ಮಿದರು. ಈಗ ಹೇಳುತ್ತಾರೆ ಎಂದುಕೊಂಡೆ. ಅವರು ಹೇಳದಿದ್ದರೆ ನಾನು ಹೇಳಬೇಕು ಎಂದೂ ಅನ್ನಿಸಿತು. ನನ್ನ ಕಣ್ಣ ಮುಂದೆ ಮೀಟರಿನ ಮುಳ್ಳು ಹಸಿರಿನಲ್ಲೇ ಇತ್ತು.

“ಊಟಕ್ಕ ಹೊತ್ತಾತು, ಏಳ್ರಿ ಬಾಯಾರ,” ಅಂದರು ಅಪ್ಪ.

ಅವಳು ಗಾಡಿಯಿಂದ ಇಳಿದು, ನನಗೆ ದಾರಿ ಬಿಟ್ಟು ಒಂದು ಕಡೆ ನಿಂತಳು. ನಾನು ಅವಳ ಮುಂದೆ ಹಾದು ಹೋಗಿ, ತಂಬಿಗೆ ತಂದು, ಡಾಕ್ಟರ್ ಬಾಯಿಯವರ ಕೈಗೆ ನೀರು ಹಾಕಿದೆ.